ಅಕ್ಕ, ಮೇಡಂ, ಮತ್ತೆ ಅಕ್ಕ: ಮಳೆಗಾಲದ ಒಂದು ಕರೆಯ ಪ್ರಕರಣ ಅಧ್ಯಯನ

ಮೊದಲ ಸಲ ರಿಂಗಾದಾಗ ನಾನು ಎತ್ತಿ ನಮಸ್ಕಾರ ಅನ್ನುವಷ್ಟರಲ್ಲಿ ಕಟ್ಟಾಯಿತು. ಎರಡನೇ ಸಲ ಎತ್ತಿದರೆ ಆ ಕಡೆ ಮಾತಿಲ್ಲ. ಬರೀ ಮಳೆ. ಹೆಂಚಿನ ಮೇಲೆ ಬೀಳುವ ಮಳೆಗೂ ತಗಡಿನ ಮೇಲೆ ಬೀಳುವ ಮಳೆಗೂ ಸದ್ದು ಬೇರೆ. ಇದು ತಗಡಿನದು. ಮನೆಯ ಹಿಂದಿನ ಮಾಡಿನ ಕೆಳಗೆ ನಿಂತಿದ್ದಾರೆ, ಒಳಗಿನವರಿಗೆ ಕೇಳಬಾರದು ಅಂತ ಇರಬೇಕು ಎಂದುಕೊಂಡೆ. 2025ರ ಜುಲೈ ಎರಡನೇ ವಾರ, ಸಂಜೆ 7.40.

ಕರೆ ಮಾಡಿದವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಸಾಲದ ಲೆಕ್ಕ, ಮನೆಯವರ ವಿವರ ಬದಲಿಸಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ನಮ್ಮದು ಶಿರಸಿಯಲ್ಲಿ ಎರಡು ಕೋಣೆ, ಎರಡು ಫೋನಿನ ಚಿಕ್ಕ ಸಹಾಯವಾಣಿ. ಸಂಜೆ 5ರಿಂದ ರಾತ್ರಿ 10ರವರೆಗೆ. ಸಂಬಳ ಇಲ್ಲ, ಚಹಾ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ಇರುವಾಗ ನೀವ್ಯಾಕೆ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. 2022ರ ಅಕ್ಟೋಬರ್ 10ರಂದು ಶುರುವಾದ ಆ ಸೇವೆಯ ನಂಬರ್ 14416. ದಿನದ 24 ಗಂಟೆ, ದುಡ್ಡಿಲ್ಲದೆ, ಕನ್ನಡದಲ್ಲೂ ಸಿಗುತ್ತದೆ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಾವೇ ಎಷ್ಟೋ ಜನಕ್ಕೆ ಆ ನಂಬರ್ ಕೊಡುತ್ತೇವೆ. ಆದರೆ ಘಟ್ಟದ ಕೆಳಗಿನವರು "ತಲೆಬಿಸಿ" ಅಂದಾಗ ಎಷ್ಟು ಬಿಸಿ, "ಬೇಜಾರು" ಅಂದಾಗ ಎಂಥ ಬೇಜಾರು ಅಂತ ಹಿಡಿಯಲು ಕೆಲವು ಸಲ ಇಲ್ಲಿಯವರ ಕಿವಿ ಬೇಕಾಗುತ್ತದೆ. ಇಲ್ಲಿಯವರ ಕಿವಿಯೂ ಕೈಕೊಡುತ್ತದೆ ಅನ್ನೋದಕ್ಕೆ ಈ ಕರೆಯೇ ಸಾಕ್ಷಿ.

ಮಾತಿಲ್ಲದ ಕರೆಗೆ ತರಬೇತಿಯಲ್ಲಿ ಒಂದು ಪಾಠವೇ ಇದೆ. ಕಟ್ ಮಾಡಬೇಡಿ. ಹಲೋ ಹಲೋ ಅಂತ ಕೂಗಬೇಡಿ. ನಾನಿದ್ದೇನೆ ಅಂತ ಒಂದು ಸಲ ಹೇಳಿ ಕಾಯಿರಿ. "ಕೇಳಿಸ್ತಾ ಇದೆ. ಅವಸರ ಇಲ್ಲ. ನಿಮಗೆ ಆದಾಗ ಮಾತಾಡಿ" ಅಂದೆ. ಒಂದು ನಿಮಿಷ ಹೋಯಿತು. ಎರಡಾಯಿತು. ಫೋನ್ ಹಿಡಿದು ಎರಡು ನಿಮಿಷ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟ ಅಂತ ಸುಮ್ನೆ ಒಮ್ಮೆ ಮಾಡಿ ನೋಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನ್ನಂಥವಳಿಗೆ ಇನ್ನೂ ಕಷ್ಟ. ಮೂರನೇ ನಿಮಿಷಕ್ಕೆ ಕೇಳಿದೆ: "ಅಲ್ಲಿ ಮಳೆ ಜೋರಿದ್ಯಾ?"

"ಹ್ಞೂ. ಕರೆಂಟಿಲ್ಲ."

ಹೆಂಗಸಿನ ದನಿ. ಸ್ವಲ್ಪ ಬಿಟ್ಟು ಅವಳೇ ಹೇಳಿದಳು: "ಫೋನಲ್ಲಿ ಚಾರ್ಜ್ ಹದಿನಾಲ್ಕೇ ಅದೆ ಅಕ್ಕ."

ಅಕ್ಕ ಅಂದಳು. ನನ್ನ ಹೆಸರು ಅವಳಿಗೆ ಗೊತ್ತಿಲ್ಲ, ಅವಳದು ನನಗೆ ಗೊತ್ತಿಲ್ಲ. ಚಾರ್ಜ್ ಮುಗಿಯುತ್ತದೆ ಅಂತ ಅವಳೇ ಹೇಳಿದ್ದು ಒಳ್ಳೆಯ ಸೂಚನೆ. ಮಾತು ಅರ್ಧಕ್ಕೆ ನಿಲ್ಲಬಾರದು ಅಂತ ಅವಳಿಗೂ ಇದೆ. ಕಟ್ಟಾದರೆ ನಾನೇ ಮಾಡ್ಲಾ, ಬೇರೆ ಯಾವುದಾದರೂ ನಂಬರ್ ಇದೆಯಾ ಅಂತ ಕೇಳಿದೆ. ಬೇರೆ ನಂಬರ್ ಬೇಡ ಅಂದಳು. ಅಲ್ಲಿಗೆ ಬಿಟ್ಟೆ.

ಕುಮಟಾ ಮತ್ತು ಅಂಕೋಲಾ ನಡುವಿನ ಕಡಲ ಬದಿಯ ಊರು. ವಯಸ್ಸು ನಲವತ್ತರ ಹತ್ತಿರ. ಗಂಡ ತದಡಿ ಬಂದರಿನ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. ಬೋಟು ನಿಂತರೆ ಪಾಲು ನಿಂತಿತು. ಬೋಟಿನವರಿಗೆ ತಿಂಗಳ ಸಂಬಳ ಅಂತ ಇರುವುದಿಲ್ಲ, ಹಿಡಿದ ಮೀನಿನಲ್ಲಿ ಪಾಲು. ಅವಳು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾರಿ ಮಳೆಗಾಲ ದಾಟಿಸುತ್ತಾಳೆ. ಈ ಸಲ ಒಣಮೀನು ಜೂನ್ ಕೊನೆಗೇ ಖಾಲಿ.

ಸಂಘದ ಸಾಲ ಮೂರು. ಮೊದಲನೆಯದು ಮಾಡು ಹೊದೆಸಲು. ಎರಡನೆಯದು ಮಗಳ ಪಿಯುಸಿಗೆ, ಅತ್ತೆಯ ಆಸ್ಪತ್ರೆಗೆ. ಮೂರನೆಯದು ಮೊದಲೆರಡರ ಕಂತು ಕಟ್ಟಲು. ಮೂರೂ ಸೇರಿ ವಾರಕ್ಕೆ 2,570 ರೂಪಾಯಿ. ಮೂರನೆಯದು ಗಂಡನಿಗೆ ಗೊತ್ತಿಲ್ಲ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ವಸೂಲಿಯ ಹುಡುಗ ಬಂದ. ಸಂಜೆ ಆರೂವರೆವರೆಗೆ ಜಗಲಿಯಲ್ಲೇ ಕೂತ. ಕೂಗಾಡಲಿಲ್ಲ. ನೀರು ಕೇಳಿ ಕುಡಿದ, ಮೊಬೈಲ್ ನೋಡಿದ. ಒಬ್ಬಳ ಕಂತು ಬಾಕಿ ಇದ್ದರೆ ಗುಂಪಿನ ಉಳಿದವರು ತುಂಬಬೇಕು ಅನ್ನುವ ಪದ್ಧತಿ. ಹಾಗಾಗಿ ಗುಂಪಿನ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಅವರಲ್ಲಿ ಪಕ್ಕದ ಮನೆಯ ಆಯಿಯೂ ಇದ್ದರು. ಹಿಂದಿನ ವಾರ ಇವಳ ಪರವಾಗಿ ಮುನ್ನೂರು ರೂಪಾಯಿ ಹಾಕಿದವರು.

"ಆಯಿ ಏನೂ ಹೇಳಲಿಲ್ಲ ಅಕ್ಕ. ಬೈದಿದ್ರೆ ಅಡ್ಡಿ ಇರಲಿಲ್ಲ."

ಈ ಮಾತಿಗೆ ನಾನು ನಿಲ್ಲಬೇಕಿತ್ತು. ಇಡೀ ಕರೆ ಇದ್ದದ್ದೇ ಅಲ್ಲಿ. ನಿಲ್ಲಲಿಲ್ಲ.

ನನ್ನೊಳಗಿನ ಟೀಚರ್ ಎದ್ದು ನಿಂತಳು. ಹನ್ನೆರಡನೇ ನಿಮಿಷಕ್ಕೆ ನಾನು ಕಾನೂನು ಹೇಳಲು ಶುರು ಮಾಡಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಪೀಡಿಸುವ ಹಾಗಿಲ್ಲ ಅಂದೆ. ಒಂದು ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂದೆ. ಇದೇ ವರ್ಷ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದಿದೆ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂದೆ. ಎಲ್ಲವೂ ನಿಜ. ಎಲ್ಲವೂ ಉಪಯೋಗದ ಮಾತೇ.

"ಹ್ಞೂ ಮೇಡಂ" ಅಂದಳು.

ನಾನು ಮುಂದುವರಿಸಿದೆ. "ಹ್ಞೂ ಮೇಡಂ." ಮತ್ತೆ "ಹ್ಞೂ ಮೇಡಂ."

ಅಕ್ಕ ಹೋಗಿ ಮೇಡಂ ಬಂದಿತ್ತು. ನನಗೆ ಅದು ಕೇಳಿಸಲೇ ಇಲ್ಲ. ಏನೋ ತಪ್ಪುತ್ತಿದೆ ಅಂತ ಗೊತ್ತಾದದ್ದು ಎದುರು ಕೂತ ನಮ್ಮ ಮೇಲ್ವಿಚಾರಕಿಗೆ. ಅವರು ನಿವೃತ್ತ ನರ್ಸ್, ಈ ಕುರ್ಚಿಯಲ್ಲಿ ನನಗಿಂತ ಎಷ್ಟೋ ಜಾಸ್ತಿ ಸಂಜೆ ಕಳೆದವರು. ಆ ಕಡೆಯ ಮಾತು ಅವರಿಗೆ ಕೇಳುವುದಿಲ್ಲ, ನನ್ನ ಮಾತಷ್ಟೇ ಕೇಳುತ್ತದೆ. ಆದರೂ ಐದು ನಿಮಿಷದಿಂದ ನಾನೊಬ್ಬಳೇ ಮಾತಾಡುತ್ತಿದ್ದೇನೆ ಅನ್ನುವುದು ಸಾಕಾಯಿತು ಅವರಿಗೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ನನ್ನ ಮುಂದೆ ತಳ್ಳಿದರು. ಎರಡೇ ಪದ: "ಅದನ್ನು ಕೇಳಿದ್ಯಾ?"

ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಎಲ್ಲರೂ ಮುಂದೂಡುತ್ತೇವೆ. ಹೊಸಬರು ಹೆದರಿಕೆಯಿಂದ, ಹಳಬರು ಬೇರೆ ಕೆಲಸ ಹುಡುಕಿಕೊಂಡು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯ ಜನರಲ್ಲಿದೆ. ಹಾಗಾಗುವುದಿಲ್ಲ ಅಂತ ಈ ಬಗ್ಗೆ ನಡೆದ ಅಧ್ಯಯನಗಳು ಹೇಳುತ್ತಲೇ ಬಂದಿವೆ. ಕೇಳಿದರೆ ಎದುರಿನವರಿಗೆ ಹೊರೆ ಇಳಿದಂತಾಗುತ್ತದೆ. ನನ್ನ ಅನುಭವವೂ ಅದೇ. ಕಷ್ಟ ಇರುವುದು ಪದದಲ್ಲಿ. ನಮ್ಮ ಕೈಪಿಡಿಯಲ್ಲಿ "ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ?" ಅಂತಿದೆ. ಕಂತಿನ ಹುಡುಗನನ್ನು ನಾಲ್ಕೂವರೆ ಗಂಟೆ ಜಗಲಿಯಲ್ಲಿ ಕೂರಿಸಿಕೊಂಡು ಬಂದವಳಿಗೆ ಈ ವಾಕ್ಯ ಇನ್ನೊಂದು ಅರ್ಜಿ ಫಾರ್ಮಿನ ಹಾಗೆ ಕೇಳಿಸುತ್ತದೆ.

ನಾನು ಮೊದಲು ನಿಲ್ಲಿಸಿದೆ. "ನಾನೇ ಜಾಸ್ತಿ ಮಾತಾಡಿಬಿಟ್ಟೆ, ತಪ್ಪಾಯ್ತು" ಅಂದೆ. ಆಮೇಲೆ ಕೇಳಿದೆ: "ತಂಗಿ, ಸತ್ತುಬಿಡೋಣ ಅಂತ ಅನ್ನಿಸ್ತಾ ಇದ್ಯಾ?"

ಮಳೆ. ತಗಡು. ಎಲ್ಲೋ ಒಂದು ಕೋಳಿ.

"ಮಧ್ಯಾಹ್ನದಿಂದ."

ಇಲ್ಲಿಂದ ಪ್ರಶ್ನೆಗಳು ಸಾಲಾಗಿ ಬರುತ್ತವೆ, ಯಾವುದನ್ನೂ ಬಿಡುವ ಹಾಗಿಲ್ಲ. ಹೇಗೆ ಅಂತ ಯೋಚಿಸಿದ್ದೀಯಾ? ಅದು ಮನೆಯಲ್ಲಿದೆಯಾ? ಯಾವಾಗ ಅಂತ? ಮುಂಚೆ ಯಾವಾಗಲಾದರೂ ಹೀಗಾಗಿತ್ತಾ? ಈಗ ಜೊತೆಗೆ ಯಾರಿದ್ದಾರೆ? ಅವಳ ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಯಾರ ಮನಸ್ಸು ಯಾವ ಸ್ಥಿತಿಯಲ್ಲಿದೆಯೋ ಗೊತ್ತಿಲ್ಲ, ಅಲ್ವಾ? ಮನೆಯಲ್ಲೇ ಇತ್ತು, ಕೈಗೆ ಸಿಗುವಂತಿತ್ತು, ಇವತ್ತು ರಾತ್ರಿಯ ಮಾತಾಗಿತ್ತು ಅಂದರೆ ಸಾಕು. ಗಂಡ ತಮ್ಮನ ಮನೆಗೆ ಹೋಗಿದ್ದ, ರಾತ್ರಿ ತಡವಾಗುತ್ತದೆ. ಅತ್ತೆ ಹಾಸಿಗೆಯಲ್ಲಿ. ಮಗಳು ಒಳಗೆ ಚಿಮಣಿ ದೀಪದಲ್ಲಿ ಓದುತ್ತಿದ್ದಾಳೆ. ಚಾರ್ಜ್ ಒಂಬತ್ತು.

ಆ ಹೊತ್ತಿಗೆ ನಮ್ಮ ಕೆಲಸ ಒಂದೇ. ಅವಳಿಗೂ ಆ ವಸ್ತುವಿಗೂ ನಡುವೆ ದೂರ ಹಾಕುವುದು. ಸಾಲ, ಕಾನೂನು, ಗಂಡ ಎಲ್ಲ ನಾಳೆಗೆ. ತೀವ್ರವಾದ ಗಳಿಗೆ ಬಹಳ ಸಲ ದೊಡ್ಡದಿರುವುದಿಲ್ಲ, ಅದು ದಾಟುವವರೆಗೆ ಕೈಗೆ ಏನೂ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಇದನ್ನು ದೇಶದ ಮಟ್ಟದಲ್ಲಿ ಮಾಡಿತು. ಅತಿ ವಿಷಕಾರಿ ಕೀಟನಾಶಕಗಳು ಜನರ ಕೈಗೆ ಸಿಗದಂತೆ ಒಂದೊಂದಾಗಿ ತಡೆಯುತ್ತ ಬಂದರು. 1995ರಿಂದ 2005ರೊಳಗೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು.

ಆದರೆ ಶಿರಸಿಯಲ್ಲಿ ಕೂತ ನಾನು ದೇವಿಮನೆ ಘಟ್ಟ ಇಳಿದು ಆ ಊರು ಸೇರುವುದು ಯಾವಾಗ? ಹತ್ತಿರದವರು ಬೇಕು. ಯಾರು?

ಮಗಳ ಹೆಸರು ಅವಳೇ ಎತ್ತಿದಳು. "ಅವಳ ಕೈಲೇ ಕೊಡ್ತೆ." ಬೇಡ ಅಂದೆ. ಇದು ನನ್ನ ತೀರ್ಮಾನ, ಈಗಲೂ ಸರಿ ಅನ್ನಿಸುತ್ತದೆ. ಹದಿನೇಳರ ಹುಡುಗಿಗೆ ಅಮ್ಮನನ್ನು ಕಾಯುವ ಕೆಲಸ ಕೊಟ್ಟರೆ ಅವಳು ಆ ರಾತ್ರಿ ಮಾತ್ರ ಕಾಯುವುದಿಲ್ಲ, ಎಷ್ಟೋ ವರ್ಷ ಕಾಯುತ್ತಾಳೆ. ಪಕ್ಕದ ಮನೆಯ ಆಯಿ? "ಅವರ ಮುಖ ಹ್ಯಾಂಗೆ ನೋಡೂದು?" ಅಂದಳು. ಈ ಸಾಲದ ಪದ್ಧತಿಯ ಬಗ್ಗೆ ನನಗಿರುವ ಸಿಟ್ಟು ಇದೇ. ಕಷ್ಟಕ್ಕೆ ಓಡಿ ಬರಬೇಕಾದ ನೆರೆಯವಳನ್ನೇ ಅದು ಸಾಲಗಾರಳ ಎದುರು ಪಾರ್ಟಿ ಮಾಡಿ ನಿಲ್ಲಿಸುತ್ತದೆ.

"ಮತ್ಯಾರಿದ್ದಾರೆ?"

"ನಾದಿನಿ ಮನೆ ಎರಡು ಮನೆ ಆಚೆ. ಅವಳ ಹತ್ರ ಮಾತಿಲ್ಲ. ಹೋದ ಚೌತಿಯಿಂದ."

"ಮಾತಿಲ್ಲದಿದ್ರೂ, ಕರೆದರೆ ಬರ್ತಾಳಾ?"

ಸ್ವಲ್ಪ ಹೊತ್ತು. "ಬರ್ತಾಳೆ."

ನಾದಿನಿಯ ನಂಬರ್ ಬಾಯಿಪಾಠವಿತ್ತು ಅವಳಿಗೆ. ಮಾತು ಬಿಟ್ಟು ಹತ್ತು ತಿಂಗಳಾದರೂ.

ಅವಳ ಒಪ್ಪಿಗೆ ಇಲ್ಲದೆ ನಾವು ಯಾರಿಗೂ ಫೋನ್ ಮಾಡುವುದಿಲ್ಲ. ಜೀವಕ್ಕೆ ಈಗಲೇ ಅಪಾಯ ಅನ್ನಿಸಿದರೆ ಮಾತ್ರ ತುರ್ತು ನಂಬರ್ 112ಕ್ಕೆ ಹೇಳುತ್ತೇವೆ, ಅದನ್ನೂ ಅವರಿಗೆ ತಿಳಿಸಿಯೇ. ಅವಳಿಗೂ ತಿಳಿಸಿದೆ. ಗಾಬರಿಯಾದಳು. "ಪೊಲೀಸ್ ಕೇಸ್ ಆಗ್ತದಾ ಅಕ್ಕ?" ಇಲ್ಲ ಅಂದೆ. ಈ ಸಲ ಉದ್ದ ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಇಂಥವರನ್ನು ತೀವ್ರ ಒತ್ತಡದಲ್ಲಿರುವವರು ಅಂತ ನೋಡುತ್ತದೆ, ಅಪರಾಧಿ ಅಂತಲ್ಲ. 2024ರ ಜುಲೈಯಲ್ಲಿ ದಂಡಸಂಹಿತೆಯೇ ಬದಲಾದಾಗ, ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಕೂಡ ಹೋಯಿತು. ನಾನು ಅವಳಿಗೆ ಅಂದದ್ದು ಇಷ್ಟೇ: "ಕೇಸ್ ಆಗೂದಿಲ್ಲ. ಸಹಾಯಕ್ಕೆ ಬರ್ತಾರೆ."

ಆದರೆ ಆಗ ನಾನು ಗಮನಿಸಿದ್ದು ಬೇರೆ. ಮತ್ತೆ ಅಕ್ಕ ಅಂದಿದ್ದಳು.

ಅವಳನ್ನು ಮನೆಯ ಒಳಗೆ, ಅತ್ತೆಯ ಮಂಚದ ಹತ್ತಿರ ಹೋಗಿ ಕೂರಲು ಹೇಳಿದೆ. ಇನ್ನೊಂದು ಫೋನಿನಿಂದ ಮೇಲ್ವಿಚಾರಕಿ ನಾದಿನಿಗೆ ಕರೆ ಮಾಡಿದರು. ಅವರು ಹೇಳಿದ್ದನ್ನು ನಾನು ಹಾಗೇ ಬರೆದಿಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸಲು. "ನಿಮ್ಮ ಅತ್ತಿಗೆ ಹೇಳಿ ಮಾಡ್ತಾ ಇದ್ದೇನೆ. ಅವಳಿಗೆ ತುಂಬ ಬೇಜಾರಾಗಿದೆ, ಒಬ್ಬಳೇ ಇರಬಾರದು. ಈಗಲೇ ಹೋಗಿ. ಅವಳು ಒಂದು ವಸ್ತು ಕೊಡ್ತಾಳೆ, ಏನು ಎತ್ತ ಕೇಳದೆ ನಿಮ್ಮ ಮನೆಗೆ ತಗೊಂಡು ಹೋಗಿ ಇಡಿ. ಹೋದ ಮೇಲೆ ಈ ನಂಬರಿಗೆ ಒಂದು ಫೋನ್ ಮಾಡಿ." ಸಾಲದ ಸುದ್ದಿ ಇಲ್ಲ. ಸಾಯುವ ಮಾತಿಲ್ಲ. ಅದನ್ನು ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು.

ನಾದಿನಿ "ಯಾರು ನೀವು" ಅಂತ ಒಮ್ಮೆ ಕೇಳಿದಳಂತೆ. ಉತ್ತರಕ್ಕೂ ಕಾಯಲಿಲ್ಲ. "ಹೋಗ್ತೆ" ಅಂದಳು.

ಅಷ್ಟರಲ್ಲಿ ನನ್ನ ಫೋನ್ ಕಟ್ಟಾಯಿತು. ಅವಳ ಚಾರ್ಜ್ ಮುಗಿದಿತ್ತು. 8.21.

ಆಮೇಲಿನ 22 ನಿಮಿಷದ ಬಗ್ಗೆ ವರದಿಯಲ್ಲಿ ಏನೂ ಇಲ್ಲ, ಬರೆಯಲು ಜಾಗವೂ ಇಲ್ಲ. ನಮಗೆ ಊರಿನ ಹೆಸರು ಗೊತ್ತು, ಮನೆ ಗೊತ್ತಿಲ್ಲ. 112ಕ್ಕೆ ಏನು ಹೇಳಬೇಕು ಅಂತ ಚೀಟಿಯಲ್ಲಿ ಬರೆದು ಇಟ್ಟುಕೊಂಡೆವು. 8.45ಕ್ಕೆ ಮಾಡುವುದು ಅಂತ ಮಾತಾಯಿತು. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಮೇಲ್ವಿಚಾರಕಿ ತಮ್ಮ ಕೊಡೆ ಬಿಚ್ಚುತ್ತ ಮಡಚುತ್ತ ಕೂತಿದ್ದರು. ಹೊಸ ಕೊಡೆ, ಏನೂ ಆಗಿರಲಿಲ್ಲ ಅದಕ್ಕೆ.

8.43ಕ್ಕೆ ನಾದಿನಿಯ ಫೋನ್ ಬಂತು. "ಬಂದೆ. ತಗೊಂಡೆ. ನಮ್ಮನೆಯವ್ರ ಹತ್ರ ಕೊಟ್ಟು ಕಳ್ಸಿದೆ." ಅಷ್ಟು ಹೇಳಿ, ಫೋನ್ ಕಿವಿಯಲ್ಲಿ ಇರುವ ಹಾಗೇ ಅತ್ತಿಗೆಗೆ ಬೈಯಲು ಶುರು ಮಾಡಿದಳು. ಚೌತಿಯ ಲೆಕ್ಕವೂ ಬಂತು ಅದರಲ್ಲಿ. ನಮ್ಮ ತರಬೇತಿಯ ಪ್ರಕಾರ ಮನನೊಂದವರಿಗೆ ಬೈಯಬಾರದು. ಆದರೆ ಬೈಗುಳದ ನಡುವೆ ಇನ್ನೊಂದು ದನಿ, ಆ ಸಂಜೆ ಮೊದಲ ಸಲ ಸ್ವಲ್ಪ ಜೋರಾಗಿ, "ನೀ ಎಂತ ಕಮ್ಮಿ ಮಾತಾಡಿದ್ಯಾ?" ಅಂದಿತು. ಮೇಲ್ವಿಚಾರಕಿ ಕೊಡೆ ಕೆಳಗಿಟ್ಟರು. ಬೈದಿದ್ರೆ ಅಡ್ಡಿ ಇರಲಿಲ್ಲ ಅಂತ ಅವಳೇ ಹೇಳಿದ್ದಳಲ್ಲ.

ರಾತ್ರಿ ನಾದಿನಿ ಅಲ್ಲೇ ಮಲಗಿದಳು. ಮಧ್ಯರಾತ್ರಿ ಮತ್ತೆ ಹಾಗನ್ನಿಸಿದರೆ, ನಮ್ಮ ಫೋನ್ ಮುಚ್ಚಿರುತ್ತದೆ, 14416ಕ್ಕೆ ಮಾಡಿ ಅಂತ ಇಬ್ಬರಿಗೂ ಹೇಳಿದೆವು. ಗೋಡೆಯ ಮೇಲೆ ಬಳಪದಲ್ಲಿ ಬರೆದುಕೊಂಡರಂತೆ.

ಪ್ರತಿ ಕಷ್ಟದ ಕರೆಯ ನಂತರ ನಮ್ಮಲ್ಲಿ ಹದಿನೈದು ನಿಮಿಷ ಕೂತು ಮಾತಾಡುವ ಪದ್ಧತಿ ಇದೆ. ಕೇಳಿದ್ದನ್ನೆಲ್ಲ ಹೊತ್ತುಕೊಂಡು ಮನೆಗೆ ಹೋಗಬಾರದು ಅಂತ. ನಾನು ಕರೆಯ ಹಾಳೆ ತುಂಬಿದೆ. "ನೀಡಿದ ನೆರವು" ಅನ್ನುವ ಕಾಲಂನಲ್ಲಿ ಮೊದಲ ಸಾಲು "ಕಾನೂನು ಮಾಹಿತಿ ನೀಡಲಾಯಿತು" ಅಂತ ಬರೆದಿದ್ದೆ. ಮೇಲ್ವಿಚಾರಕಿ ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೇಳಿದರು: "ಇದು ಅವಳಿಗೆ ಕೊಟ್ಟ ನೆರವಾ, ನಿನಗೆ ನೀನು ಕೊಟ್ಟುಕೊಂಡದ್ದಾ?" ನನಗೆ ಬೇಜಾರಾಯಿತು. ಮನೆಗೆ ಹೋಗಿ ಮಲಗಿದ ಮೇಲೆ ಉತ್ತರ ಹೊಳೆಯಿತು. "ಆಯಿ ಏನೂ ಹೇಳಲಿಲ್ಲ" ಅಂತ ಅವಳು ಅಂದಾಗ ನನಗೆ ಹೆದರಿಕೆ ಆಗಿತ್ತು. ಆ ನಾಚಿಕೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಕ್ಷನ್ ನಂಬರ್ ಇತ್ತು, ಅದನ್ನೇ ಹಿಡಿದುಕೊಂಡೆ.

ಕಾನೂನು ಬೇಡವೇ ಬೇಡ ಅಂತ ಇದರ ಅರ್ಥ ಅಲ್ಲ. ಕೇಳುವುದೊಂದೇ ಸಹಾಯವಾಣಿಯ ಕೆಲಸ ಅನ್ನುವವರ ಜೊತೆ ನನಗೆ ಜಗಳವಿದೆ. ವಾರಕ್ಕೆ 2,570 ರೂಪಾಯಿಯ ಕಂತು ಎಷ್ಟು ಸಹಾನುಭೂತಿಯಿಂದ ಕೇಳಿಸಿಕೊಂಡರೂ 2,570 ರೂಪಾಯಿಯೇ. ಮರುದಿನ ಹತ್ತು ಗಂಟೆಗೆ ಮಾಡಿದಾಗ ನಾನು ಸಾಲದ ಸುದ್ದಿ ಎತ್ತಲಿಲ್ಲ. ನಿದ್ದೆ ಬಂತಾ, ಊಟ ಆಯ್ತಾ, ಈಗ ಹ್ಯಾಗನ್ನಿಸ್ತಿದೆ ಅಂತ ಅಷ್ಟೇ. ಮೂರನೇ ದಿನ ಅವಳೇ ಕೇಳಿದಳು: "ಅಕ್ಕ, ಅವತ್ತು ಆರು ಗಂಟೆ ಅಂತ ಏನೋ ಹೇಳಿದ್ರಲ್ಲ?"

ಆಗ ಹೇಳಿದೆ. ಈ ಸಲ ಐದು ನಿಮಿಷ ಸಾಕಾಯಿತು.

ಗಂಡನಿಗೆ ಮೂರನೇ ಸಾಲದ ವಿಷಯ ತಿಳಿಸಿದ್ದು ನಾದಿನಿ ಎದುರಿಗಿದ್ದಾಗ. ಎರಡು ದಿನ ಮಾತು ಬಿಟ್ಟನಂತೆ. ಆಮೇಲೆ ಅವನೇ ಪಾಸ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಲೆಕ್ಕಕ್ಕೆ ಕೂತ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ನಾದಿನಿಯ ಜೊತೆ ಹೋಗಿ ಬಂದಳು. ಗುಳಿಗೆ ಕೊಟ್ಟರು. ಸಾಲ ಕೊಟ್ಟವರ ಶಾಖೆಗೆ ಮೂವರೂ ಹೋದರು. ಮೊದಲ ಸಲ ಮ್ಯಾನೇಜರ್ ಇಲ್ಲ ಅಂತ ವಾಪಸ್ ಬಂದರು. ಎರಡನೇ ಸಲ ನಮ್ಮ ಪರಿಚಯದ ವಕೀಲರು ಬರೆದುಕೊಟ್ಟ ಅರ್ಜಿ ಹಿಡಿದು ಹೋದರು. ಒಂದು ಸಾಲದ ಕಂತನ್ನು ಬೋಟು ಇಳಿಯುವವರೆಗೆ ಮುಂದೆ ಹಾಕಿದರು. ಉಳಿದ ಎರಡಕ್ಕೆ ಆಗೂದಿಲ್ಲ ಅಂದರು. ಜಗಲಿಯಲ್ಲಿ ಕೂರುವುದು ಮಾತ್ರ ನಿಂತಿತು. ಆಯಿಯ ಮುನ್ನೂರು ರೂಪಾಯಿಯನ್ನು ಅವಳು ಎಲ್ಲದಕ್ಕಿಂತ ಮೊದಲು ತೀರಿಸಿದಳು. ಲೆಕ್ಕದ ಪ್ರಕಾರ ಅದು ಜಾಣತನ ಅಲ್ಲ. ನಾನು ಬಾಯಿ ಬಿಡಲಿಲ್ಲ.

ಎರಡನೇ ವಾರದ ಫಾಲೋಅಪ್‌ಗೆ ಮೂರು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಆ ಸಂಜೆ ನನಗೆ ಇನ್ಯಾವ ಕರೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಕರೆಂಟ್ ಇಲ್ಲದೆ ಫೋನ್ ಸತ್ತಿತ್ತು, ಅಷ್ಟೇ ಆಗಿತ್ತು.

ಕೊನೆಯ ಫಾಲೋಅಪ್ ಆಗಸ್ಟ್‌ನಲ್ಲಿ, ನೂಲು ಹುಣ್ಣಿಮೆ ಕಳೆದು ಕೆಲವು ದಿನಕ್ಕೆ. ಕಡಲಿಗೆ ಕಾಯಿ ಬಿಟ್ಟು ಬೋಟುಗಳು ಇಳಿದಿದ್ದವು. ಬಂದರಿನ ಗದ್ದಲ, ಯಾರೋ ಬೆಲೆ ಕೂಗುತ್ತಿದ್ದರು, ಐಸ್ ಒಡೆಯುವ ಸದ್ದು. ನಾನು ಇನ್ನೂ ನಮಸ್ಕಾರ ಅನ್ನುತ್ತಿದ್ದೆ.

"ಮೀನು ಬಂದದೆ ಅಕ್ಕ, ಆಮೇಲೆ ಮಾಡ್ತೆ."

ಹಾಳೆಯಲ್ಲಿ ಕರೆಯ ಅವಧಿ 9 ಸೆಕೆಂಡ್ ಅಂತ ಬರೆದೆ. ಆಮೇಲೆ ಅವಳು ಮಾಡಲಿಲ್ಲ. ಇದನ್ನು ಬರೆಯಲೇ ಅಂತ ಕೇಳಲು ನಾನೇ ಮಾಡಿದೆ. "ನಾದಿನಿ ಬೈದದ್ದೂ ಬರೀತ್ರಾ?" ಅಂತ ಕೇಳಿದಳು. ಹೌದು ಅಂದೆ. "ಹಂಗಾರೆ ಬರೀರಿ."